ಲೂಯಿ ದೊರೆಯ ಕುರ್ಚಿಯೂ, ನಮ್ಮ ತಾತನ ಆರಾಮ ಕುರ್ಚಿಯೂ...

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆದು. ಆಫೀಸಿನಲ್ಲಿ ರಿಲೀಸ್ ಮೇಲೆ ರಿಲೀಸ್. ಮನೆಯಲ್ಲಿ ಅದಕ್ಕಿಂತ ದೊಡ್ಡ ರಿಲೀಸ್. ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಒಂದು ಫ್ಲಾಟ್ ತಗೊಂಡಿದ್ದೇವೆ. ತಗೊಂಡಿದ್ದೇವೆ ಅನ್ನೋದಕ್ಕಿಂತ ಬ್ಯಾಂಕಿನವರು ತಗೊಂಡು ನಮ್ಮನ್ನು ಅದರಲ್ಲಿ ಇರೋಕೆ ಬಿಟ್ಟಿದ್ದಾರೆ ಅನ್ನೋದು ಸರಿ :-)

ಮನೆ ಆದ ಮೇಲೆ ಒಳಗೆ ಸಾಮಾನು ಬೇಕಲ್ಲ. ಒಬ್ಬ ಇಂಟೀರಿಯರ್ ಡಿಸೈನರ್ ಬಂದು ಲ್ಯಾಪ್‌ಟಾಪಿನಲ್ಲಿ ನಾಲ್ಕು ಫೋಲ್ಡರ್ ತೋರಿಸಿದರು. ಅದರಲ್ಲಿ ಒಂದರ ಹೆಸರು 'ಫ್ರೆಂಚ್ ಆಂಟಿಕ್'. ಬಳುಕುವ ಕಾಲಿನ ಕುರ್ಚಿ, ಚಿನ್ನದ ಬಣ್ಣದ ಚೌಕಟ್ಟಿನ ಕನ್ನಡಿ, ಹೊಟ್ಟೆ ಉಬ್ಬಿದ ಡ್ರಾಯರಿನ ಪೆಟ್ಟಿಗೆ, ಬಿಳಿ ಬಣ್ಣ ಬಳಿದು ಅಲ್ಲಲ್ಲಿ ಬೇಕಂತಲೇ ಕೆರೆದ ಅಲ್ಮೇರಾ. ನನ್ನ ಹೆಂಡತಿಗೆ ಇಷ್ಟವಾಯಿತು. ಸುಳ್ಳು ಯಾಕೆ ಹೇಳಲಿ, ನನಗೂ ಇಷ್ಟವಾಯಿತು. ಹಾಸನದ ಬಾಡಿಗೆ ಮನೆಗಳಲ್ಲಿ ಪ್ಲಾಸ್ಟಿಕ್ ಕುರ್ಚಿ, ಮಡಚುವ ಕಬ್ಬಿಣದ ಮಂಚದ ಮೇಲೆ ಬೆಳೆದವನಿಗೆ ಇಂಥ ಕುರ್ಚಿಯ ಮೇಲೆ ಕೂತು ಕಾಫಿ ಕುಡಿಯಬೇಕು ಅನ್ನಿಸಿದರೆ ತಪ್ಪೇನು?

ಆದರೆ ಎಂಜಿನಿಯರ್ ಬುದ್ಧಿ ನೋಡಿ, ಕೊಳ್ಳುವ ಮೊದಲು ಓದಬೇಕು. ಎರಡು ವಾರ ರಾತ್ರಿ ಕೂತು ಓದಿದೆ.

ಬಳುಕುವ ಕಾಲು, ಎಲ್ಲೂ ಒಂದು ನೇರ ಗೆರೆ ಇಲ್ಲ, ಚಿಪ್ಪು ಮತ್ತು ಬಳ್ಳಿಯ ಕೆತ್ತನೆ ಅಂದರೆ ಅದು ಹದಿನೈದನೇ ಲೂಯಿಯ (1715-1774) ಶೈಲಿ. ಕಾಲು ನೇರವಾಗಿ, ಕೆಳಕ್ಕೆ ಸಣ್ಣಗಾಗುತ್ತಾ, ಮೈಮೇಲೆ ಉದ್ದುದ್ದ ಗೀರು ಇದ್ದರೆ ಹದಿನಾರನೇ ಲೂಯಿಯ ಕಾಲದ್ದು. ಪ್ಯಾರಿಸಿನಲ್ಲಿ ಆಗ ಮರಗೆಲಸದವರಲ್ಲಿ ಎರಡು ಪಂಗಡ. ಗಟ್ಟಿ ಮರದಲ್ಲಿ ಕುರ್ಚಿ, ಮಂಚ ಮಾಡುವವರು ಒಂದು. ತೆಳು ಮರದ ಹಾಳೆ ಅಂಟಿಸಿ ಪೆಟ್ಟಿಗೆ, ಮೇಜು ಮಾಡುವವರು ಇನ್ನೊಂದು, ಅವರ ಹೆಸರು ಎಬೆನಿಸ್ತ್. ಎಬನಿ ಅಂದರೆ ಕರಿಮರ, ಅದರಿಂದ ಬಂದ ಹೆಸರು. ಹದಿನೆಂಟನೇ ಶತಮಾನದ ನಡುವಿನಿಂದ ಅಲ್ಲಿನ ಸಂಘದ ನಿಯಮ ಏನೆಂದರೆ, ಮಾಡಿದವನು ತನ್ನ ಹೆಸರಿನ ಮುದ್ರೆಯನ್ನು ಮರದ ಮೇಲೆ ಒತ್ತಲೇಬೇಕು. ಇವತ್ತಿಗೂ ಕುರ್ಚಿ ತಲೆಕೆಳಗು ಮಾಡಿ ಆ ಮುದ್ರೆ ಹುಡುಕುತ್ತಾರೆ. ಬೆಲೆ ಇರುವುದು ಅಲ್ಲಿ.

ನಮ್ಮ ಡಿಸೈನರ್ ತೋರಿಸಿದ ಕುರ್ಚಿ ತಲೆಕೆಳಗು ಮಾಡಿದರೆ ಏನು ಸಿಗುತ್ತೆ? ಕೇಳಿದೆ. "ಅದು ಆಂಟಿಕ್ ಅಲ್ಲ ಸರ್, ಆಂಟಿಕ್ ಲುಕ್" ಅಂದರು. ಒಳಗೆ ಎಂಡಿಎಫ್ ಹಲಗೆ, ಮೇಲೆ ಬಣ್ಣ. ಹೊಚ್ಚ ಹೊಸದನ್ನು ಮಾಡಿ, ಹಳೆಯದಾಗಿ ಕಾಣಲಿ ಅಂತ ಉಪ್ಪುಕಾಗದ ಹಾಕಿ ಕೆರೆಯುವುದಕ್ಕೆ ಬೇರೆ ಕೂಲಿ! ನಿಜವಾದ ಫ್ರೆಂಚ್ ಕುರ್ಚಿಯೇ ತಂದರೂ ಇಲ್ಲಿನ ಮಳೆಗಾಲಕ್ಕೆ ಅದು ಸುಖವಾಗಿರುವುದು ಕಷ್ಟ. ಆ ಕಾಲದ ತೆಳು ಹಾಳೆಗಳನ್ನು ಅಂಟಿಸಿರುವುದು ಪ್ರಾಣಿಗಳ ಚರ್ಮ-ಮೂಳೆಯ ಗೋಂದಿನಿಂದ. ಥಂಡಿ ಹತ್ತಿದರೆ ಗೋಂದು ಮೆತ್ತಗಾಗಿ ಹಾಳೆ ಎದ್ದು ಬರುತ್ತೆ.

ಇಷ್ಟೆಲ್ಲಾ ತಿಳಿದುಕೊಂಡು ಒಳ್ಳೇ ಪಂಡಿತನ ಹಾಗೆ ಕೂತಿದ್ದೆ. ಆಗ ಹಾಸನದಿಂದ ಅಪ್ಪನ ಫೋನು.

*

"ಹೊಳೆನರಸೀಪುರದ ಮನೆಗೆ ಪಾರ್ಟಿ ಬಂದಿದೆ ಕಣಪ್ಪ. ಅವರಿಗೆ ಬೇಕಾಗಿರೋದು ಸೈಟು, ಮನೆಯಲ್ಲ. ಒಳಗಿನ ಸಾಮಾನು, ಕಂಬ, ಬಾಗಿಲು ಎಲ್ಲ ಸೇರಿಸಿ ಇನ್ನೊಬ್ಬ ತಗೋತೀನಿ ಅಂತಾನೆ. ಏನು ಮಾಡೋಣ?"

ನಾನು ಮೀಟಿಂಗಿನ ಮಧ್ಯೆ ಇದ್ದೆ. "ಕೊಟ್ಟುಬಿಡಿ ಅಪ್ಪ. ಯಾರು ಇಟ್ಕೋತಾರೆ ಅದನ್ನೆಲ್ಲಾ? ಗೆದ್ದಲು ತಿನ್ನುತ್ತೆ ಅಷ್ಟೇ" ಅಂದೆ. ಒಂದು ನಿಮಿಷ ಕೂಡ ಆಗಿರಲಿಲ್ಲ. ಅಪ್ಪ "ಸರಿ" ಅಂದು ಇಟ್ಟರು.

ಆ 'ಎಲ್ಲ'ದಲ್ಲಿ ಏನೇನಿತ್ತು ಅಂತ ಆಮೇಲೆ ಅಮ್ಮ ಲೆಕ್ಕ ಹೇಳಿದರು. ತೊಟ್ಟಿಯ ನಾಲ್ಕು ಕಂಬ, ಬೋದಿಗೆ ಸಮೇತ. ಎರಡು ಬಾಗಿಲುವಾಡ, ಒಂದು ತೇಗ, ಇನ್ನೊಂದು ಹಲಸು. ಹಜಾರದ ತೂಗುಮಂಚ, ಅದರ ಹಿತ್ತಾಳೆ ಸರಪಳಿ. ನಾಲ್ಕು ಜನ ಎತ್ತಬೇಕಾದ ಬೀಟೆ ಬೆಂಚು. ರಾಗಿ ತುಂಬುತ್ತಿದ್ದ ಮರದ ಪಣತ. ಅಜ್ಜಿಯ ಮದುವೆಯಲ್ಲಿ ಬಂದ ಪೆಟಾರಿ. ಹಸೆಮಣೆ ಎರಡು. ಎಲ್ಲಕ್ಕೂ ಸೇರಿ ಮೂವತ್ತೆಂಟು ಸಾವಿರ ರೂಪಾಯಿ. ಒಂದು ಟೆಂಪೋ ಎರಡು ಸಲ ಬಂದು ಹೊತ್ತುಕೊಂಡು ಹೋಯಿತಂತೆ.

ನಾಲ್ಕು ತಿಂಗಳ ನಂತರ ನಾವಿಬ್ಬರೂ ಬೆಂಗಳೂರಿನ ಒಂದು ದೊಡ್ಡ ಫರ್ನಿಚರ್ ಅಂಗಡಿಗೆ ಹೋದೆವು. ಅಲ್ಲಿ ಒಂದು ಕಡೆ ಫ್ರೆಂಚ್ ಲುಕ್, ಇನ್ನೊಂದು ಕಡೆ 'ಹೆರಿಟೇಜ್'. ಹೆರಿಟೇಜ್ ಕಡೆ ಒಂದು ಜೋಡಿ ಮರದ ಕಂಬ ನಿಲ್ಲಿಸಿದ್ದರು. ನಡುವೆ ಕನ್ನಡಿ ಕೂರಿಸಿ, ಮೇಲೆ ಸಣ್ಣ ದೀಪ. ಬೋದಿಗೆಯ ಮೇಲೆ ಗಿಣಿಮೂತಿಯ ಕೆತ್ತನೆ. ಅವು ನಮ್ಮ ಮನೆಯವೇ ಅಂತ ಹೇಳಲಾರೆ. ಆ ಕೆತ್ತನೆ ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿತ್ತು. ಆದರೆ ಚೀಟಿಯ ಮೇಲಿನ ಬೆಲೆ ನೋಡಿದೆ. ಒಂದು ಲಕ್ಷದ ನಲವತ್ತು ಸಾವಿರ. ನನ್ನ ಹೆಂಡತಿ "ಚೆನ್ನಾಗಿದೆ ಅಲ್ವಾ?" ಅಂದಳು. ನಾನು ಉತ್ತರ ಕೊಡಲಿಲ್ಲ. ಅವತ್ತು ಏನೂ ಕೊಳ್ಳದೆ ವಾಪಸು ಬಂದೆವು.

ದುಡ್ಡಿನ ಹೊಟ್ಟೆಯುರಿ ಅಂದುಕೊಳ್ಳಬೇಡಿ. ಸ್ವಲ್ಪ ಅದೂ ಇತ್ತು ಬಿಡಿ. ಆದರೆ ತಲೆ ಕೊರೆದದ್ದು ಬೇರೆ. ಒಂದು ಕುರ್ಚಿ ಕೊಳ್ಳುವ ಮೊದಲು ಎರಡು ವಾರ ಓದಿದವನು, ಮೂರು ತಲೆಮಾರಿನ ಸಾಮಾನು ಮಾರುವ ಮೊದಲು ಒಂದು ನಿಮಿಷ ಯೋಚಿಸಲಿಲ್ಲ. ಲೂಯಿಗಳ ನಡುವಿನ ವ್ಯತ್ಯಾಸ ಗೊತ್ತು. ನಮ್ಮ ಪೆಟಾರಿ ಮಾಡಿದ ಆಚಾರಿ ಯಾರು ಅಂತ ಗೊತ್ತಿಲ್ಲ. ಅವರು ಮುದ್ರೆ ಒತ್ತಿರಲಿಲ್ಲ ನಿಜ. ಆದರೆ ಇದೇ ಹಾಸನ ಜಿಲ್ಲೆಯ ಬೇಲೂರಿನಲ್ಲಿ ಒಂಬೈನೂರು ವರ್ಷದ ಹಿಂದೆಯೇ ದಾಸೋಜ, ಚಾವಣ ಅಂತ ಶಿಲ್ಪಿಗಳು ಮದನಿಕೆಯರ ಕೆಳಗೆ ಹೆಸರು ಕೆತ್ತಿದ್ದರು. ಕಲ್ಲಿನವರ ಹೆಸರು ಉಳಿಯಿತು, ಮರದವರದ್ದು ಉಳಿಯಲಿಲ್ಲ. ಕೇಳಿದ್ದರೆ ಹೇಳುವವರು ಮನೆಯಲ್ಲೇ ಇದ್ದರು. ನಾವು ಕೇಳಲಿಲ್ಲ.

*

ಫ್ರೆಂಚರ ಬಗ್ಗೆ ಓದುವಾಗ ಇನ್ನೊಂದು ಕಥೆ ಸಿಕ್ಕಿತ್ತು. ಓದಿದಾಗ ಬರೀ ಸ್ವಾರಸ್ಯ ಅನ್ನಿಸಿತ್ತು, ಆ ಅಂಗಡಿಯಿಂದ ಬಂದ ರಾತ್ರಿ ಚುಚ್ಚಿತು.

1788ರ ಆಗಸ್ಟಿನಲ್ಲಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ವರ್ಸಾಯಿ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ನಮ್ಮ ಮೈಸೂರಿನಿಂದ ಹೋದವರು! ಸೇವ್ರ್ ಕಾರ್ಖಾನೆಯ ಪಿಂಗಾಣಿ ಸಾಮಾನು ಉಡುಗೊರೆಯಾಗಿ ಸಿಕ್ಕಿತು. ಮುಂದಿನ ವರ್ಷವೇ ಕ್ರಾಂತಿ. 1793ರ ಜನವರಿಯಲ್ಲಿ ದೊರೆಯ ತಲೆ ಹೋಯಿತು, ಆಗಸ್ಟಿನಲ್ಲಿ ಅದೇ ವರ್ಸಾಯಿ ಅರಮನೆಯ ಸಾಮಾನಿನ ಹರಾಜು ಶುರುವಾಯಿತು. ಹೆಚ್ಚು ಕಡಿಮೆ ಒಂದು ವರ್ಷ ನಡೆಯಿತು, ಹದಿನೇಳು ಸಾವಿರಕ್ಕೂ ಹೆಚ್ಚು ಲಾಟುಗಳು. ಕುರ್ಚಿ, ಮಂಚ, ಮೇಜು, ಪರದೆ. ಹೊಸ ಸರ್ಕಾರಕ್ಕೆ ದುಡ್ಡು ಬೇಕಿತ್ತು, ದೊರೆಯ ನೆನಪು ಬೇಡವಾಗಿತ್ತು. ಆಗಿನ ಕಾರಣ ಆಗ ಸರಿಯಾಗೇ ಕಂಡಿರಬೇಕು.

ಆಮೇಲೆ? ಆ ಕಾಲದ ಒಳ್ಳೊಳ್ಳೆಯ ಸಾಮಾನು ಇಂಗ್ಲೆಂಡಿನ ಅರಮನೆ ಸೇರಿತು, ಲಂಡನ್ನಿನ ವ್ಯಾಲೆಸ್ ಸಂಗ್ರಹ ಸೇರಿತು. ವರ್ಸಾಯಿಯವರು ಇವತ್ತಿಗೂ ಹರಾಜುಗಳಲ್ಲಿ ಕಾದು ಕೂತು, ತಮ್ಮದೇ ಕುರ್ಚಿಗಳನ್ನು ಒಂದೊಂದಾಗಿ ಕೊಂಡು ತರುತ್ತಿದ್ದಾರೆ.

ಅಷ್ಟು ದೂರ ಯಾಕೆ, ಚಂಡೀಗಢವನ್ನೇ ನೋಡಿ. 1950ರ ದಶಕದಲ್ಲಿ ಆ ಊರು ಕಟ್ಟಿದಾಗ ಪಿಯರ್ ಜೀನೆರೆ ಕಚೇರಿಗಳಿಗೆ ಅಂತ ತೇಗ ಮತ್ತು ಬೆತ್ತದ ಸಾದಾ ಕುರ್ಚಿ ಮಾಡಿಸಿದರು. ಮುರಿದವನ್ನು ಸರ್ಕಾರಿ ಕಚೇರಿಯವರು ಗುಜರಿ ಬೆಲೆಗೆ ಹಾಕಿದರು. ಅವೇ ಕುರ್ಚಿ ಯುರೋಪಿಗೆ ಹೋಗಿ, ದುರಸ್ತಿಯಾಗಿ, ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋಗತೊಡಗಿದ ಮೇಲೆ 2011ರಲ್ಲಿ ಕೇಂದ್ರ ಗೃಹ ಇಲಾಖೆ ಮಾರಾಟಕ್ಕೆ ತಡೆ ಹಾಕಿತು. ನಮ್ಮಲ್ಲಿ 1972ರ ಪ್ರಾಚ್ಯವಸ್ತು ಕಾಯ್ದೆ ಇದೆ. ಅದರ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾವಸ್ತುಗಳು ಪ್ರಾಚ್ಯವಸ್ತು. ಅವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗಿಲ್ಲ, ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಚಂಡೀಗಢದ ಕುರ್ಚಿಗೆ ನೂರು ವರ್ಷ ಆಗಿರಲಿಲ್ಲ. ನಮ್ಮ ತೊಟ್ಟಿಯ ಕಂಬಕ್ಕೆ ಆಗಿತ್ತೋ ಇಲ್ಲವೋ, ಹೇಳುವ ಒಂದು ಕಾಗದವೂ ಇರಲಿಲ್ಲ. ಟೆಂಪೋದವರು ಕೇಳಲೂ ಇಲ್ಲ, ನಾವು ಹೇಳಲೂ ಇಲ್ಲ.

ನನ್ನ ಅಭಿಪ್ರಾಯ ಇಷ್ಟು. ವರ್ಸಾಯಿಯಲ್ಲಿ ಒಂದು ವರ್ಷ ನಡೆದ ಹರಾಜು ನಮ್ಮ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಬೀದಿಗಳಲ್ಲಿ ಎಷ್ಟೋ ವರ್ಷಗಳಿಂದ ಸದ್ದಿಲ್ಲದೆ ನಡೆದಿದೆ. ಕ್ರಾಂತಿ ಇಲ್ಲ, ಯುದ್ಧ ಇಲ್ಲ, ಬರೀ ಫೋನಿನಲ್ಲಿ "ಕೊಟ್ಟುಬಿಡಿ ಅಪ್ಪ". ಮಾರಿದ ದುಡ್ಡಿನ ಮೂರರಷ್ಟು ಸಾಲ ಮಾಡಿ ಅದೇ ಮಕ್ಕಳು ಎಂಡಿಎಫ್ ಲೂಯಿಯನ್ನು ಮನೆಗೆ ತರುತ್ತಾರೆ.

ಅರಕಲಗೂಡಿನ ಅಜ್ಜಿ (ಅಮ್ಮನ ಅಮ್ಮ) ಒಂದು ಮಾತು ಹೇಳುತ್ತಿದ್ದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ ಹಳ್ಳಿಗಳು ಮುಳುಗಡೆಯಾದಾಗ ಅವರ ನೆಂಟರು ಊರು ಬಿಡುವ ಮೊದಲು ಬಾಗಿಲು, ಕಂಬ, ತೊಲೆ ಎಲ್ಲ ಬಿಚ್ಚಿ ಗಾಡಿಗೆ ಹೇರಿಕೊಂಡು ಹೋದರಂತೆ. ಹೊಸ ಊರಿನಲ್ಲಿ ಗೋಡೆ ಏಳುವ ಮೊದಲೇ ಹಳೇ ಬಾಗಿಲುವಾಡ ನಿಲ್ಲಿಸಿ ಪೂಜೆ ಮಾಡಿದರಂತೆ. ಅದೇ ಹಿನ್ನೀರಿನಲ್ಲಿ, 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಶೆಟ್ಟಿಹಳ್ಳಿ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುತ್ತದೆ. ನನ್ನ ಗೆಳೆಯರು ಮದುವೆಗೆ ಮೊದಲು ಅಲ್ಲಿ ನಿಂತು ಫೋಟೋ ತೆಗೆಸಿ ಹಾಲಿನಲ್ಲಿ ತೂಗು ಹಾಕಿದ್ದಾರೆ. ಫ್ರೆಂಚರ ಚರ್ಚಿನ ಫೋಟೋ ಗೋಡೆಯ ಮೇಲಿದೆ. ಪಕ್ಕದ ಊರುಗಳ ನೆನಪು ಮಾತ್ರ ಅಜ್ಜಿಯರ ಬಾಯಲ್ಲಿತ್ತು. ನೀರು ಬಂದು ಓಡಿಸಿದವರು ಬಾಗಿಲು ಹೊತ್ತುಕೊಂಡು ಹೋದರು. ನಮ್ಮನ್ನು ಯಾರು ಓಡಿಸಿದರು?

*

ಇದನ್ನೆಲ್ಲ ಚನ್ನರಾಯಪಟ್ಟಣದ ದೊಡ್ಡಪ್ಪನ ಹತ್ತಿರ ಹೇಳಿದೆ. (ಹೊಂಬಾಳೆ ನೆಟ್ಟಗೆ ಬಿಡದ ತೆಂಗಿನ ಚಿಂತೆಯಲ್ಲಿದ್ದರು, ಪಾಪ.) ಅವರು ಉಗಿದರು.

"ಬೆಂಗಳೂರಲ್ಲಿ ಕೂತ್ಕೊಂಡು ತೊಟ್ಟಿಮನೆ ತೊಟ್ಟಿಮನೆ ಅಂತ ಬರೀತೀಯ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸೋಕೆ ನೀನು ಬರ್ತಿದ್ದೇನೋ? ನಿಮ್ಮಪ್ಪ, ನಾನು, ನಿನ್ನ ಚಿಕ್ಕಪ್ಪ ಮೂರು ಜನ ಪಾಲಿನವರು. ಪಣತಾನ ಮೂರು ಭಾಗ ಮಾಡೋಕಾಗುತ್ತಾ? ನಿನ್ನ ಫ್ಲಾಟಿನ ಲಿಫ್ಟಲ್ಲಿ ಹತ್ತುತ್ತಾ ಅದು?"

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಎಲ್ಲರೂ ಎಲ್ಲವನ್ನೂ ಇಟ್ಟುಕೊಳ್ಳಲಿ ಅಂತ ನಾನೂ ಹೇಳುವುದಿಲ್ಲ. ಇನ್ನೊಂದು ಮಾತೂ ಇದೆ. ಹಳೇ ಮನೆಯನ್ನು ಹಾಡಿ ಹೊಗಳುವವರು (ನಾನೂ ಸೇರಿ) ಅದನ್ನು ಮುಚ್ಚಿಡುತ್ತೇವೆ. ಆ ಬೀಟೆ ಬೆಂಚಿನ ಮೇಲೆ ಯಾರು ಕೂರಬಹುದಿತ್ತು? ಹೊಲ ಉತ್ತವರಿಗೆ ಜಗಲಿಯ ಕೆಳಗಿನ ಕಲ್ಲು ಮಾತ್ರ. ತಾತನ ಆರಾಮ ಕುರ್ಚಿಯ ಮೇಲೆ, ಐವತ್ತು ವರ್ಷ ಆ ಮನೆಯಲ್ಲಿ ಬಾಳಿದ ಹೊಳೆನರಸೀಪುರದ ಅಜ್ಜಿ ಒಂದು ದಿನ ಕೂತಿದ್ದನ್ನು ಯಾರೂ ನೋಡಿಲ್ಲ. ಲೂಯಿಯ ಕುರ್ಚಿಗೂ ನಮ್ಮ ತಾತನ ಕುರ್ಚಿಗೂ ಇದೊಂದು ಹೋಲಿಕೆ. ವರ್ಸಾಯಿಯಲ್ಲಿ ರಾಣಿಯ ಮುಂದೆ ಯಾರಿಗೆ ಸ್ಟೂಲು, ಯಾರಿಗೆ ಬರೀ ನಿಲ್ಲುವ ಭಾಗ್ಯ ಅನ್ನುವುದಕ್ಕೂ ನಿಯಮ ಇತ್ತು. ಹಳೇ ಮರದ ಜೊತೆ ಈ ಲೆಕ್ಕವೂ ಬರುತ್ತದೆ. ಅದನ್ನು ಮರೆತು ಬರೀ ಕೆತ್ತನೆ ನೋಡಿದರೆ ನಮಗೂ ಆ ಅಂಗಡಿಯವನಿಗೂ ವ್ಯತ್ಯಾಸವಿಲ್ಲ.

ಹೊರಡುವಾಗ ದೊಡ್ಡಪ್ಪ ತಾವೇ ಕೊಬ್ಬರಿ ಗೋದಾಮಿನ ಬಾಗಿಲು ತೆಗೆದರು. ಮೂಲೆಯಲ್ಲಿ ಗೋಣಿಚೀಲದ ಕೆಳಗೆ ಆ ಆರಾಮ ಕುರ್ಚಿ! ಒಂದು ಕೈ ಮುರಿದಿತ್ತು, ಬೆನ್ನಿನ ಬೆತ್ತ ಪೂರ್ತಿ ಹೋಗಿತ್ತು. ಅದಕ್ಕೇ ಟೆಂಪೋದವನು "ಇದು ಬೇಡ" ಅಂತ ಬಿಟ್ಟುಹೋಗಿದ್ದನಂತೆ. ಅವನ ಕಣ್ಣಿಗೆ ಬೀಳದ್ದು ನಮ್ಮ ಪುಣ್ಯ.

ಚನ್ನರಾಯಪಟ್ಟಣದಲ್ಲೇ ಒಬ್ಬ ಆಚಾರ್ರ ಹತ್ತಿರ ತಗೊಂಡು ಹೋದೆವು. ಅಪ್ಪ, ಅಮ್ಮನೂ ಹಾಸನದಿಂದ ಬಂದರು. ಆಚಾರ್ರು ಉಗುರಿನಿಂದ ಕಾಲಿನ ಕೆಳಗೆ ಕೆರೆದು, ಮೂಸಿ ನೋಡಿ, "ಬೀಟೆ ಸ್ವಾಮಿ ಇದು. ಮುರಿದಿರೋದು ಕೈ ಅಷ್ಟೇ, ಮರ ಅಲ್ಲ" ಅಂದರು. ಆಮೇಲೆ ಕೇಳಿದರು ನೋಡಿ ಪ್ರಶ್ನೆ:

"ಪಿಯು ಹೊಡೆಸ್ಲಾ, ಇಲ್ಲಾ ಫ್ರೆಂಚ್ ಪಾಲಿಶ್ ಹಾಕ್ಲಾ?"

ನನಗೆ ನಗು ತಡೆಯಲಾಗಲಿಲ್ಲ. ಕೊನೆಗೂ ಫ್ರೆಂಚರು ಬಂದೇ ಬಿಟ್ಟರು! ಆದರೆ ಆ ಪಾಲಿಶ್ ಏನು ಗೊತ್ತಾ? ಅರಗು. ಮುತ್ತುಗ, ಬೋರೆ ಮರಗಳ ಕೊಂಬೆಯ ಮೇಲೆ ಸಣ್ಣ ಹುಳ ಕಟ್ಟುವ ಅರಗು. ಜಾರ್ಖಂಡ್, ಛತ್ತೀಸಗಢದ ಕಡೆ ಹೆಚ್ಚು ಬೆಳೆಯುತ್ತಾರೆ. ಚನ್ನಪಟ್ಟಣದ ಗೊಂಬೆಗೆ ಮಿರುಗು ಕೊಡುವುದೂ ಅರಗೇ. (ನಮ್ಮೂರು ಚನ್ನರಾಯಪಟ್ಟಣ ಅಂದರೆ ಬೆಂಗಳೂರಿನವರು "ಓ, ಗೊಂಬೆ!" ಅಂತಾರೆ. ಅಲ್ಲಾ ಮಾರಾಯ್ರೇ, ಅದು ಬೇರೆ.) ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ರಾತ್ರಿಯೆಲ್ಲ ಕರಗಿಸಿ, ಹತ್ತಿಯನ್ನು ಹಳೇ ಪಂಚೆ ಬಟ್ಟೆಯಲ್ಲಿ ಉಂಡೆ ಕಟ್ಟಿ, ಅದರಿಂದ ಮರದ ಮೇಲೆ ಸುತ್ತಿ ಸುತ್ತಿ ಉಜ್ಜುತ್ತಾರೆ. ಒಂದು ಪದರ, ಒಣಗಿಸು, ಇನ್ನೊಂದು ಪದರ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಯುರೋಪಿನಲ್ಲಿ ಈ ವಿಧಾನ ಜನಪ್ರಿಯವಾಗಿ, ಫ್ರೆಂಚರ ಹೆಸರು ಅಂಟಿಕೊಂಡಿತು. ಅಂದರೆ ಹದಿನೈದನೇ ಲೂಯಿ ಕೂತ ಕುರ್ಚಿಗೆ ಫ್ರೆಂಚ್ ಪಾಲಿಶ್ ಇರಲಿಲ್ಲ!

ಇದಕ್ಕೆ ಒಂದು ದೋಷ ಇದೆ. ಬಿಸಿ ಕಾಫಿ ಲೋಟ ಇಟ್ಟರೆ ಬೆಳ್ಳಗೆ ಉಂಗುರ ಬೀಳುತ್ತೆ. ಆದರೆ ಅದೇ ಜಾಗಕ್ಕೆ ಮತ್ತೆ ಸ್ಪಿರಿಟ್, ಅರಗು ಉಜ್ಜಿದರೆ ಹಳೇ ಪದರ ಕರಗಿ ಹೊಸದರ ಜೊತೆ ಸೇರಿಕೊಳ್ಳುತ್ತದೆ. ಪಿಯು ಗಟ್ಟಿ, ಆದರೆ ಎದ್ದರೆ ಪೂರ್ತಿ ಕೆರೆದು ಮತ್ತೆ ಹೊಡೆಯಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದಕ್ಕೆ ಪ್ಯಾಚ್ ಹಾಕಬಹುದು, ಇನ್ನೊಂದಕ್ಕೆ ಫಾರ್ಮ್ಯಾಟೇ ಗತಿ :-)

ಆಚಾರ್ರಿಗೆ ಹದಿನೆಂಟು ದಿನ ಹಿಡಿಯಿತು. ಹೊಸ ಬೀಟೆ ಸುಲಭಕ್ಕೆ ಸಿಗುವುದಿಲ್ಲ. ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಕಟ್ಟುಪಾಡಿದೆ. ಹಾಗಾಗಿ ಮುರಿದ ಕೈಗೆ ಹಳೇ ಕಿಟಕಿಯ ಚೌಕಟ್ಟಿನ ತುಂಡು ಹಾಕಿದರು. ಬಣ್ಣ ಸ್ವಲ್ಪ ಬೇರೆ ಕಾಣುತ್ತೆ. ಇರಲಿ ಅಂದೆ. ಕೊನೆಗೆ ಸೀಟಿನ ಕೆಳಗೆ ನಿಮ್ಮ ಹೆಸರು, ಇಸವಿ ಕೆತ್ತಿ ಅಂದೆ. ಅವರು ನಾಚಿಕೊಂಡರು. "ಯಾರು ನೋಡ್ತಾರೆ ಸ್ವಾಮಿ?" ಅಂದರು. ಬಲವಂತ ಮಾಡಿದ ಮೇಲೆ ಚಿಕ್ಕದಾಗಿ ಕೆತ್ತಿದರು. ಅದನ್ನು ಇಲ್ಲಿ ಬರೆಯುವುದಿಲ್ಲ, ನೋಡಬೇಕಾದವರು ಕುರ್ಚಿ ತಲೆಕೆಳಗು ಮಾಡಲಿ.

ಈಗ ಅದು ನಮ್ಮ ಹಾಲಿನಲ್ಲಿದೆ. ಉಳಿದದ್ದು ಸಾದಾ ಸೋಫಾ. ಫ್ರೆಂಚ್ ಫೋಲ್ಡರನ್ನು ಹೆಂಡತಿಯೇ ಬೇಡ ಅಂದಳು. ಅವಳ ಕಾರಣ ಬೇರೆ, "ಅದರ ಕಾಲುಗಳ ಮಧ್ಯೆ ಕಸ ಗುಡಿಸೋದು ಯಾರು?" ಅಂತ. ಒಪ್ಪಬೇಕಾದ ಕಾರಣವೇ.

ನನ್ನಂಥ ಊರು ಬಿಟ್ಟವರಿಗೆ ನಾನು ಹೇಳುವುದು ಮೂರೇ ಮಾತು. ಊರಿಂದ ಆ ಫೋನ್ ಬಂದಾಗ ಒಂದು ವಾರ ಟೈಮ್ ಕೇಳಿ. ಹೋಗಿ ಒಂದೊಂದು ಸಾಮಾನಿನದ್ದೂ ಫೋಟೋ ತೆಗೆದು, ಯಾವ ಮರ, ಯಾರು ಮಾಡಿದ್ದು, ಯಾರು ಕೂರುತ್ತಿದ್ದರು, ಯಾರನ್ನು ಕೂರಲು ಬಿಡುತ್ತಿರಲಿಲ್ಲ ಅಂತ ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಎಲ್ಲ ಬೇಡ, ಲಿಫ್ಟಿನಲ್ಲಿ ಹಿಡಿಸುವ ಒಂದೇ ಒಂದನ್ನು ತನ್ನಿ. ತಂದು ಗಾಜಿನೊಳಗೆ ಇಡಬೇಡಿ, ದಿನಾ ಬಳಸಿ.

ಹೋದ ತಿಂಗಳು ಅಮ್ಮ ಬಂದಿದ್ದರು. ಹಾಲಿನಲ್ಲಿ ನಿಂತು ಕುರ್ಚಿ ಸವರಿ ನೋಡಿ ಸೋಫಾದ ಮೇಲೆ ಹೋಗಿ ಕೂತರು. ಅಭ್ಯಾಸ. ನಾನು ಕೈ ಹಿಡಿದು ಕರೆತಂದು ಕೂರಿಸಿದೆ. ಮೊದಲು ಅಂಚಿನಲ್ಲಿ ಕೂತರು, ಮಾವ ಈಗ ಬಂದುಬಿಡುತ್ತಾರೇನೋ ಅನ್ನುವ ಹಾಗೆ. ಸ್ವಲ್ಪ ಹೊತ್ತಿಗೆ ಬೆನ್ನು ಒರಗಿಸಿದರು. ಆಮೇಲೆ ನಿದ್ದೆ ಹೋದರು. ಕಾಫಿ ಲೋಟವನ್ನು ಕುರ್ಚಿಯ ಕೈ ಮೇಲೆ ಇಟ್ಟೇ ಮಲಗಿದ್ದರು. ಬೆಳ್ಳಗೆ ಒಂದು ಉಂಗುರ ಬಿದ್ದಿದೆ. ಅದನ್ನು ಸದ್ಯಕ್ಕೆ ಉಜ್ಜಿಸುವುದಿಲ್ಲ.

ನಿಮ್ಮೂರಿನ ಅಟ್ಟದ ಮೇಲೆ ಏನಿದೆ? ಮಾರಿದ್ದೀರೋ, ಇಟ್ಟುಕೊಂಡಿದ್ದೀರೋ? ಹೇಳಿ, ಬೈಯುವುದಿದ್ದರೂ ಬೈಯಿರಿ. ದೊಡ್ಡಪ್ಪ ಆಗಲೇ ಶುರು ಮಾಡಿದ್ದಾರೆ.